ಫ್ರಿಜ್ಜಿನ ಹಿಂದಿನ ಗೇಣು ಜಾಗ

ತಾರ್ನಾಕದ ಬಾಡಿಗೆ ಮನೆಯಲ್ಲಿ ನಮ್ಮ ಫ್ರಿಜ್ಜು ಮನಸ್ಸು ಬಂದಾಗ ತಂಪು ಮಾಡುತ್ತಿತ್ತು, ಬರದಿದ್ದಾಗ ಸುಮ್ಮನೆ ನಿಲ್ಲುತ್ತಿತ್ತು. ಹಾಲು ಒಡೆದರೆ, ಹಿಟ್ಟು ಹುಳಿಯಾದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದರ ಬಾಗಿಲಿನ ಗೂಡಿನಲ್ಲಿ ನಮ್ಮ ಮನೆಯವರ ಇನ್ಸುಲಿನ್ ಬಾಟಲಿ ಇರುತ್ತಿತ್ತು. ದಿನಕ್ಕೆರಡು ಸಲ ಅವರಿಗೆ ಆ ಸೂಜಿ ಆಗಲೇಬೇಕು. ಬಿಸಿಗೆ ಕೆಟ್ಟರೆ ನೋಡಿ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಹೆದರಿಸಿಟ್ಟಿದ್ದರು. ಆ ಮಳೆಗಾಲದಲ್ಲಿ ಅವರ ಸಕ್ಕರೆ ಏರುತ್ತಲೇ ಹೋಯಿತು. ಒಂದು ದಿನ ಕಾರ್ಖಾನೆಯಲ್ಲಿ ತಲೆ ಸುತ್ತಿ ಕೂತುಬಿಟ್ಟರು. ಅಂದಿನಿಂದ ನಾನು ಚುಚ್ಚುತ್ತಿರುವುದು ಔಷಧವೋ ಬರೀ ನೀರೋ ತಿಳಿಯದೆ ಸೂಜಿ ತುಂಬುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದೆ.

ರೋಗದ ಲಕ್ಷಣ ವಿಚಿತ್ರವಾಗಿತ್ತು. ಬೆಳಿಗ್ಗೆ ನಾವು ಹೊರಡುವಾಗ ಐಸು ಕಲ್ಲಾಗಿರುತ್ತಿತ್ತು. ಸಂಜೆ ನಾನು ಯೂನಿವರ್ಸಿಟಿಯ ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಐಸಿನ ಟ್ರೇಯಲ್ಲಿ ನೀರು, ಬೆಣ್ಣೆ ಮೆತ್ತಗೆ, ನೆಲದ ಮೇಲೆ ಹೊಂಡ. ಆದರೆ ಯಂತ್ರ ಮಾತ್ರ ಏನೂ ಅರಿಯದ ಪಾಪದ ಮುಖ ಮಾಡಿಕೊಂಡು ಗುಂಯ್ ಎನ್ನುತ್ತಿತ್ತು. ಎರಡು ದಿನ ಹೀಗಾದರೆ ಮೂರನೆಯ ದಿನ ಎಲ್ಲವೂ ಸರಿ. ಸರಿಯಾಯಿತು ಎಂದು ನಾವು ನೆಮ್ಮದಿಯಿಂದ ಉಸಿರು ಬಿಡುವಷ್ಟರಲ್ಲಿ ಮತ್ತೆ ಅದೇ ಕಥೆ.

ನಮ್ಮ ಮನೆಯವರು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಯಂತ್ರಗಳನ್ನು ಪರೀಕ್ಷೆ ಮಾಡಿ ಪಾಸು ಮಾಡುವ ಇಂಜಿನಿಯರು. ಮನೆಯ ಪೆಟ್ಟಿಗೆಯೊಂದು ತಮ್ಮನ್ನು ಆಟ ಆಡಿಸುತ್ತಿರುವುದು ಅವರಿಗೆ ಕಾಯಿಲೆಗಿಂತ ಹೆಚ್ಚಿನ ಅವಮಾನ. ಬಾಗಿಲಿನ ರಬ್ಬರು ಸಡಿಲವಾಗಿರಬೇಕೆಂದು ಕಾಗದ ಸಿಕ್ಕಿಸಿ ಎಳೆದು ನೋಡಿದರು. ಒಳಗೆ ಥರ್ಮಾಮೀಟರ್ ಇಟ್ಟರು. ಮಳೆ ಬಂದ ದಿನವೇ ಇದು ಕೈ ಕೊಡುತ್ತದೆ ಎಂದು ಕಂಡುಹಿಡಿದು, ಹಾಗಾದರೆ ಇದು ವೋಲ್ಟೇಜಿನ ತೊಂದರೆಯೇ ಎಂದು ತೀರ್ಪು ಕೊಟ್ಟು ಸ್ಟೆಬಿಲೈಜರ್ ತಂದು ಕೂಡಿಸಿದರು. ಮರುದಿನ ಮಳೆ ಬಂತು. ಸ್ಟೆಬಿಲೈಜರಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಐಸು ಕರಗಿ ನೀರಾಗಿತ್ತು. ಆ ಸಂಜೆ ಅವರು ನನ್ನ ಮುಂದೆ ಇಂಜಿನಿಯರಿಂಗ್ ಮಾತನ್ನೇ ಎತ್ತಲಿಲ್ಲ.

ಕೋಠಿ ಪೇಟೆಯ ಕಡೆಯಿಂದ ಮೆಕ್ಯಾನಿಕ್ ಬಂದ. ಅವನು ಬರುವುದು ನಾನು ಮನೆಗೆ ಬಂದ ಮೇಲೆ, ಸಂಜೆಗೆ. ಅವನ ಮುಂದೆ ಫ್ರಿಜ್ಜು ಒಳ್ಳೆಯ ಹುಡುಗನಂತೆ ನಡೆಯುತ್ತಿತ್ತು. ಗ್ಯಾಸು ಬರಾಬರ್ ಇದೆ ಎಂದ, ಆದರೂ ಇರಲಿ ಎಂದು ಥರ್ಮೋಸ್ಟಾಟ್ ಬದಲಿಸಿದ. ಪ್ರಯೋಜನವಾಗಲಿಲ್ಲ. ಕೊನೆಗೆ ಅದನ್ನು ತಳ್ಳುಗಾಡಿಗೆ ಏರಿಸಿ ಸುಲ್ತಾನ್ ಬಜಾರಿನ ತನ್ನ ಅಂಗಡಿಗೆ ಒಯ್ದ. ಅಲ್ಲಿ ಮೂರು ದಿನ, ಮೂರೂ ದಿನ ಮಳೆ, ಐಸು ಮಾತ್ರ ಕಲ್ಲು. ವಾಪಸು ತಂದಿಟ್ಟು, ಬೆವರು ಒರೆಸಿಕೊಂಡು, ಯಂತ್ರದಲ್ಲಿ ಏನೂ ಇಲ್ಲ ಬಾಜೀ, ಇದ್ದರೆ ನಿಮ್ಮ ಮನೆಯಲ್ಲೇ ಏನೋ ಇದೆ ಎಂದು ತನ್ನ ದಖ್ಖನಿ ಉರ್ದುವಿನಲ್ಲಿ ಹೇಳಿ ಹೋದ.

ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಹಗಲು ಹೊತ್ತು ಮನೆಯಲ್ಲಿ ಇರುವವರು ಒಬ್ಬರೇ, ನಮ್ಮ ಅತ್ತೆ.

ಅತ್ತೆಯವರದು ಕಟ್ಟಾ ಮಡಿ. ಬೇಯಿಸಿದ ಅನ್ನ, ಸಾರು ಇಟ್ಟ ಪೆಟ್ಟಿಗೆ ಅವರ ಲೆಕ್ಕದಲ್ಲಿ ಮುಸುರೆ. ಅದು ಮನೆಗೆ ಬಂದ ದಿನವೇ, ತಂಗಳನ್ನ ತಿನ್ನಲಿಕ್ಕೆ ಇಷ್ಟು ದೊಡ್ಡ ಕಪಾಟು ಬೇಕಿತ್ತೇ ಎಂದು ಕೇಳಿದ್ದರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅದರ ಬಾಗಿಲು ಮುಟ್ಟಿರಲಿಲ್ಲ. ಕರೆಂಟು ದಂಡ ಎಂದು ದೀಪ ಆರಿಸುತ್ತ ತಿರುಗುವ ಅಭ್ಯಾಸ ಬೇರೆ. ಇಷ್ಟೆಲ್ಲ ಕೂಡಿಸಿ ನೋಡಿದರೆ ಉತ್ತರ ಕಣ್ಣೆದುರಿಗೇ ಇದೆ ಅನ್ನಿಸಿತು. ಮರುದಿನ ಸಂಜೆ ಮತ್ತೆ ನೆಲದ ಮೇಲೆ ನೀರು ಕಂಡದ್ದೇ ನನಗೆ ತಡೆಯಲಾಗಲಿಲ್ಲ.

“ಅದರಾಗ ನಿಮ್ಮ ಮಗನ ಔಷಧ ಅದ,” ಅಂದೆ. “ನಾವು ಹೊರಗ ಹೋದ ಮ್ಯಾಲೆ ನೀವು ಬಂದ್ ಮಾಡ್ತೀರಿ, ಹೌದಲ್ರಿ?”

ಅವರು ಸಿಟ್ಟಾಗಬೇಕಿತ್ತು. ಸಿಟ್ಟಾಗಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವರು ನನ್ನ ಮುಖ ನೋಡಿದರು, ಗೋಡೆಯ ಮೇಲಿನ ಸ್ವಿಚ್ಚಿನ ಗುಂಡಿ ನೋಡಿದರು, ಏನೂ ಅನ್ನದೆ ದೇವರ ಗೂಡಿನ ಮುಂದೆ ಹೋಗಿ ಕೂತರು. ಆ ಮೌನವನ್ನು ನಾನು ಒಪ್ಪಿಗೆ ಎಂದೇ ತಿಳಿದೆ. ನನ್ನ ಬುದ್ಧಿಗೆ ಅಷ್ಟೇ ಎಟುಕಿತು.

ಆದರೆ ಫ್ರಿಜ್ಜು ನಿಲ್ಲುವುದು ನಿಲ್ಲಲಿಲ್ಲ. ಅಷ್ಟು ಹೇಳಿದ ಮೇಲೂ ಹೀಗೆ ಮಾಡುತ್ತಾರೆಂದರೆ ಏನು ಅರ್ಥ ಎಂದು ಒಳಗೊಳಗೇ ಕುದಿದೆ. ಎಂಟನೆಯ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಕೈಯಲ್ಲಿ ಹಿಡಿದು ತೋರಿಸಿಯೇ ಬಿಡುತ್ತೇನೆಂದು ಅರ್ಧ ದಿನದ ರಜೆ ಬರೆದುಕೊಟ್ಟು, ಮಧ್ಯಾಹ್ನ ನನ್ನ ಕೀಲಿಯಿಂದ ಸದ್ದಿಲ್ಲದೆ ಬೀಗ ತೆಗೆದು ಒಳಗೆ ಬಂದೆ.

ಅತ್ತೆ ಆ ಹೊತ್ತಿಗೆ ಮಲಗಿರಬೇಕಿತ್ತು. ಮಲಗಿರಲಿಲ್ಲ. ಫ್ರಿಜ್ಜಿನ ಎದುರಿಗೆ ಮಣೆ ಹಾಕಿಕೊಂಡು ಗುಂಡಿಯನ್ನೇ ನೋಡುತ್ತ ಕೂತಿದ್ದರು. ಸಿಕ್ಕಿಬಿದ್ದರು ಅಂದುಕೊಂಡೆ. ಆದರೆ ಗುಂಡಿ ಹಾಕಿಯೇ ಇತ್ತು. ಕೆಂಪು ದೀಪವೂ ಉರಿಯುತ್ತಿತ್ತು. ಬಾಗಿಲು ತೆಗೆದರೆ ಒಳಗಿನ ದೀಪವೂ ಹತ್ತಿತು. ಯಂತ್ರ ಮಾತ್ರ ಸತ್ತ ಹಾಗೆ ಇತ್ತು. ನನಗೆ ತಲೆಬುಡ ಒಂದೂ ತಿಳಿಯಲಿಲ್ಲ. ಮೆಕ್ಯಾನಿಕ್ ನಿಲ್ಲುತ್ತಿದ್ದ ಹಾಗೆ ಪಕ್ಕಕ್ಕೆ ನಿಂತು, ಗೋಡೆಗೂ ಫ್ರಿಜ್ಜಿಗೂ ನಡುವೆ ಬಿಟ್ಟ ಗೇಣಗಲದ ಸಂದಿಯಲ್ಲಿ ಬಗ್ಗಿ ನೋಡಿದೆ.

ಅತ್ತೆಯವರ ಒಂಬತ್ತು ಗಜದ ಮಡಿ ಸೀರೆ ಅಲ್ಲಿತ್ತು. ನಾಲ್ಕು ಮಡಿಕೆ ಮಾಡಿ ಹಿಂದಿನ ಕಪ್ಪು ಜಾಲರಿಯ ಮೇಲೆ ಇಳಿಬಿಟ್ಟಿದ್ದರು. ಅದರ ಕೆಳಗಿನ ತುದಿ ಕಂಪ್ರೆಸರಿಗೆ ಕಂಬಳಿ ಹೊದಿಸಿದ ಹಾಗೆ ಮುಚ್ಚಿತ್ತು. ನಾನು ಹಿಂದೆ ಮುಂದೆ ನೋಡದೆ ಎಳೆದು ತೆಗೆದೆ. ಕಂಪ್ರೆಸರು ಕಾದ ಹಂಚಾಗಿತ್ತು. ಉಸಿರಾಡಲು ಜಾಗವಿಲ್ಲದೆ ಅದು ಕಾದು ಕಾದು ತಾನೇ ನಿಂತುಬಿಡುತ್ತಿತ್ತು, ಆರಿದ ಮೇಲೆ ತಾನೇ ಹೊರಡುತ್ತಿತ್ತು.

ಮಳೆಯಲ್ಲಿ ಸೀರೆ ಒಣಗುವುದಿಲ್ಲ, ಮರುದಿನದ ಪೂಜೆಗೆ ಒಣಗಿದ ಮಡಿ ಬೇಕು. ಗ್ಯಾಲರಿಯ ತುಂಬ ನಮ್ಮ ಆಫೀಸಿನ ಬಟ್ಟೆ, ಕೋಣೆಯಲ್ಲಿ ಹಾಸಿಗೆಯ ಮೈಲಿಗೆ. ಯಾರ ಕೈಯೂ ಹೋಗದ, ಬೆಚ್ಚಗಿನ ಜಾಗ ಇಡೀ ಮನೆಯಲ್ಲಿ ಅವರಿಗೆ ಸಿಕ್ಕದ್ದು ಅದೊಂದೇ. ಫ್ರಿಜ್ಜಿನ ಮುಂಭಾಗ ಮುಸುರೆ, ಹಿಂಭಾಗ ಮಡಿ ಎಂದು ಆ ಮಳೆಗಾಲದಲ್ಲಿ ಯಾವಾಗ ತೀರ್ಮಾನ ಮಾಡಿದರೋ! ನಾವು ಹೋದ ಮೇಲೆ ಕೋಲಿನಿಂದ ಹಾಕುವುದು, ನಾನು ಬರುವ ಮೊದಲು ಕೋಲಿನಿಂದಲೇ ತೆಗೆದು ಅಡಿಗೆಮನೆಯ ಎತ್ತರದ ಗಳಕ್ಕೆ ಏರಿಸುವುದು. ಬಿಸಿಲಿದ್ದ ದಿನ ಇದರ ಅಗತ್ಯವೇ ಇಲ್ಲ. ಮಳೆಗೂ ವೋಲ್ಟೇಜಿಗೂ ಗಂಟು ಹಾಕಿದ ನಮ್ಮ ಇಂಜಿನಿಯರ ಜಾಣತನ ನೆನೆದು ನಗು ಬರುವಂತಾಯಿತು, ಬರಲಿಲ್ಲ.

ನಾನು ಸಾವಕಾಶ ಎಲ್ಲ ಬಿಡಿಸಿ ಹೇಳಿದೆ. ಅವರು ಮೊದಲು ಕೇಳಿದ್ದು ಮಗನ ಔಷಧದ ಗತಿ. ಇವತ್ತೇ ಕೋಠಿಗೆ ಹೋಗಿ ಹೊಸ ಬಾಟಲಿ ತರುತ್ತೇನೆ, ಇನ್ನು ಮೇಲೆ ಕೆಡುವುದಿಲ್ಲ ಎಂದೆ. ಅಷ್ಟರಲ್ಲಿ ಹಿಂದಿನಿಂದ ಟಕ್ ಎಂದಿತು, ಯಂತ್ರ ಮತ್ತೆ ಶುರುವಾಯಿತು.

“ಹಂಗಾದ್ರ ಬಂದ್ ಮಾಡಿದಾಕಿ ನಾ ಅಲ್ಲ?” ಎಂದು ಕೇಳಿದರು.

“ಅಲ್ರಿ. ನೀವು ಗುಂಡಿ ಮುಟ್ಟೇ ಇಲ್ಲ.”

“ನೀ ಅಂದ ಮ್ಯಾಲೆ ನನಗೂ ಖರೇನ ಅನ್ನಿಸಿತ್ತವಾ. ವಯಸ್ಸಾತು, ಮರವು ಭಾಳ ಆಗೇದ. ಬಂದ್ ಮಾಡಿ ಮರತಿರಬೇಕು ಅಂತ, ದಿನಾ ಇಲ್ಲೇ ಕೂತು ನನ್ನ ಕೈ ನಾನ ಕಾಯ್ಲಿಕ್ಕೆ ಹತ್ತಿದ್ದೆ.”

ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಸೀರೆ ಮುಟ್ಟಿಬಿಟ್ಟೆ, ಮೈಲಿಗೆಯಾಯಿತು ಎಂದು ಅಸಂಬದ್ಧವಾಗಿ ತೊದಲಿದೆ.

“ಆಗಲಿ ಬಿಡು,” ಅಂದರು. “ನನ್ನ ತಲಿ ನೆಟ್ಟಗ ಅದ. ಅಷ್ಟಾದ್ರ ಸಾಕು.”

ಮಣೆ ಸರಿಸಿ, ಅಲ್ಲಿಯೇ ನೆಲದ ಮೇಲೆ ಚಾಪೆ ಹಾಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಅಡ್ಡಾದರು. ತಪ್ಪಾಯಿತು ಎನ್ನುವ ಒಂದು ಮಾತು ನನ್ನ ಬಾಯಿಗೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.