ಬಾಗಿಲಲ್ಲಿ ಚಪ್ಪಲಿ ನೋಡುವ ಬಸಕ್ಕ

ಮಂಗಳವಾರ. ಇನ್ನೂ ಬೆಳಕು ಹರಿದಿಲ್ಲ. ಜರ್ಮನಿಯ ಅಬ್‌ಸ್ಟಾಟ್ ಸಮೀಪದ ಹಳ್ಳಿಯೊಂದರ ಓಣಿಯಲ್ಲಿ ದಿನಸಿ ಅಂಗಡಿಯ ಬಿಳಿ ವ್ಯಾನ್ ನಿಂತಿದೆ. ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟು ಇನ್ನೂ ಬೆಚ್ಚಗಿದೆ. ಪಕ್ಕದಲ್ಲಿ ಕೂತ ಬಸಕ್ಕನ ಕಣ್ಣು ಮಾತ್ರ ಎದುರು ಮನೆಯ ಬಾಗಿಲ ಮೇಲೆ. ಇಂದು ಕಸ ಒಯ್ಯುವ ದಿನ. ಪ್ರತಿ ಮನೆಯವರೂ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ತಂದಿಡಬೇಕು. ಈ ಮನೆಯ ಡಬ್ಬಿಯನ್ನು ತರುವವರು ಯಾರು ಎಂಬುದೇ ಈಗಿನ ಚಿಂತೆ.

"ಅಕ್ಕಾ, ಮ್ಯಾಲಿನ ಕಿಡಕ್ಯಾಗ ಲೈಟ್ ಹತ್ತೇತಿ," ಎನ್ನುತ್ತಾರೆ ಸ್ಟೀರಿಂಗ್ ಹಿಡಿದ ಹಮೀದ್. "ಹೋದ ವಾರದಂಗ ಮಾಲಕೀನ ಬರ್ತಾಳೋ ಏನೋ. ಯಾರೋ ಅಕಿಗೆ ಹೇಳ್ಯಾರ."

"ಹೇಳಿದ್ರ ನೀನ ಹೇಳಿರಬೇಕು. ಅಂಗಡ್ಯಾಗ ನಿನ್ನ ಬಾಯಿ ಮುಚ್ಚಿದ್ದು ನಾ ಒಂದಿನಾನೂ ಕಂಡಿಲ್ಲ."

ಹಮೀದ್ ನಗುವುದಿಲ್ಲ. ಬಸಕ್ಕನೂ ತಮಾಷೆಗೆ ಅಂದದ್ದಲ್ಲ.

ಬಾಗಲಕೋಟೆ ಕಡೆಯ ಬಸಕ್ಕ ಮ್ಯಾನ್‌ಹೈಮ್‌ನಲ್ಲಿ ರೊಟ್ಟಿ ಬಡಿದು ಕನ್ನಡಿಗರ ಮನೆಮನೆಗೆ ಮುಟ್ಟಿಸುತ್ತಾರೆ. ಅವರ ಇನ್ನೊಂದು ಕೆಲಸ ಬಲ್ಲವರು ಬಹಳ ಕಡಿಮೆ. ನೆಂಟರೆಂದು ಹೇಳಿ ಊರಿಂದ ಕರೆತಂದು, ಪಾಸ್‌ಪೋರ್ಟ್ ಕಸಿದಿಟ್ಟು, ಸಂಬಳವಿಲ್ಲದೆ ದುಡಿಸುವ ಮನೆಗಳು ಇಲ್ಲಿಯೂ ಇವೆ. ಆ ಜೀತದಿಂದ ಹೆಂಗಸರನ್ನು ಸದ್ದಿಲ್ಲದೆ ಹೊರತರುವ ಸರಪಳಿಯಲ್ಲಿ ಬಸಕ್ಕ ಒಂದು ಕೊಂಡಿ. ಗುರುತಿಸುವುದು ಅವರು, ವ್ಯಾನ್ ಓಡಿಸುವುದು ಹಮೀದ್, ಮುಂದಿನದು ಹೈಲ್‌ಬ್ರಾನ್‌ನ ಸಲಹಾ ಕೇಂದ್ರದ ಹಿನಾ ಅವರದು. ಅಲ್ಲಿಂದ ಆ ಹೆಂಗಸರು ಸೇರುವ ಫ್ರಾವೆನ್‌ಹೌಸ್, ಅಂದರೆ ಹೆಂಗಸರ ಆಸರೆಮನೆ, ಎಲ್ಲಿದೆಯೆಂದು ಬಸಕ್ಕ ಇಂದಿಗೂ ಕೇಳಿಲ್ಲ. "ಗೊತ್ತಿದ್ರ ಎಂದರ ಒಂದಿನ ಬಾಯಿ ಬಿಡ್ತೀನಿ," ಎನ್ನುತ್ತಾರೆ. ಇಲ್ಲಿರುವ ಹೆಸರುಗಳೂ ನಿಜವಾದವಲ್ಲ. ಈ ವರದಿಗಾಗಿ ಮಾತಾಡಲು ಒಪ್ಪುವ ಮೊದಲು ಬಸಕ್ಕ ಕೇಳಿದ್ದು ಒಂದೇ: "ನೀವು ಯಾರ ಕಡಿಯವ್ರು?"

ಗುರುತಿಸುವ ರೀತಿಯೂ ಅವರದೇ. ನಮ್ಮವರು ಎಲ್ಲಿದ್ದರೂ ಚಪ್ಪಲಿ ಬಿಡುವುದು ಬಾಗಿಲಲ್ಲೇ. "ಒಳಗ ಐದು ಮಂದಿ ಅದಾರ, ಬಾಗಲದಾಗ ನಾಕು ಮಂದೀದ ಬೂಟ ಅದಾವ ಅಂದ್ರ, ಒಬ್ಬಾಕಿ ಹೊರಗ ಹೋಗೂದಿಲ್ಲಂತ ತಿಳಕೋರಿ. ಈ ಥಂಡ್ಯಾಗ ಬೂಟ ಇಲ್ಲದ ಯಾರು ಹೊರಗ ಬೀಳ್ತಾರ?"

ಲೆಕ್ಕ ಒಮ್ಮೆ ತಪ್ಪಿದೆ. ದಿನವಿಡೀ ಬರಿಗಾಲಲ್ಲಿ ಅಡುಗೆಮನೆಯಲ್ಲೇ ಇದ್ದ ಮುದುಕಿಯೊಬ್ಬರನ್ನು ಹೊರಗೆ ಕರೆತರಲು ಎಲ್ಲ ಸಿದ್ಧತೆಯೂ ಆಗಿತ್ತು. ವಿಚಾರಿಸಿದರೆ ಅವರು ಆ ಮನೆಯ ಅತ್ತೆ! "ಕರಕೊಂಡು ಹೋಗೂದಾದ್ರ ಹೋಗೂಣು ಬಾ, ಅಲ್ಲಿ ಸೊಸಿ ಇಲ್ಲಲ್ಲಾ?" ಎಂದು ಕೇಳಿದ್ದರಂತೆ.

ಬಸಕ್ಕ ಸ್ವತಃ ಇಂಥದೇ ಜೀತಕ್ಕೆ ಸಿಕ್ಕಿ ಹ್ಯಾನೋವರ್‌ನ ಮನೆಯೊಂದಕ್ಕೆ ಬಂದವರು. ನಾಲ್ಕು ಚಳಿಗಾಲವನ್ನು ಕಿಟಕಿಯಿಂದಲೇ ನೋಡಿದರು. ಕೊನೆಗೆ ಕೆಳಗಿನ ಮನೆಯ ಟರ್ಕಿ ಅಜ್ಜಿ ಕೈಹಿಡಿದು ಹೊರತಂದರು. ಭಾಷೆ ಬಾರದಿದ್ದರೂ ಅಜ್ಜಿಗೆ ಎಲ್ಲ ಅರ್ಥವಾಗಿತ್ತು.

ಎದುರು ಮನೆಯಲ್ಲಿರುವಾಕೆ ಭೂಮಿಕಾ. "ನಮ್ಮ ಕಸಿನ್," ಎನ್ನುತ್ತಾಳೆ ಮಾಲಕಿ. ಹತ್ತು ದಿನದ ಹಿಂದೆ ರೊಟ್ಟಿ ಕೊಡಲು ಹೋದಾಗ, ಮಾಲಕಿ ಫೋನ್ ತರಲು ಒಳಹೋದ ಹೊತ್ತಿನಲ್ಲಿ ಬಸಕ್ಕ ಭೂಮಿಕಾಳಿಗೆ ಒಂದೇ ಮಾತು ಹೇಳಿದ್ದರು: "ಮಂಗಳವಾರ ಡಬ್ಬಿ ಇಡಾಕ ನೀ ಬಾ. ಬಿಳಿ ವ್ಯಾನ್." ಆ ಮಂಗಳವಾರ ಡಬ್ಬಿ ಹಿಡಿದು ಬಂದದ್ದು ಮಾಲಕಿ. ಬಂದವಳು ವ್ಯಾನಿನತ್ತ ಬಹಳ ಹೊತ್ತು ನೋಡಿದಳು. ಶನಿವಾರ "ಇನ್ಮೇಲೆ ರೊಟ್ಟಿ ಬೇಡ" ಎಂದಳು. ಹುಡುಗಿಯೇ ಬಾಯಿ ಬಿಟ್ಟಳೋ, ಮಾಲಕಿಗೇ ವಾಸನೆ ಬಡಿಯಿತೋ ತಿಳಿಯದು. ಇಂದು ತಪ್ಪಿದರೆ ಆ ಬಾಗಿಲಿಗೆ ಹೋಗಲು ಬಸಕ್ಕನಿಗೆ ನೆಪವೇ ಇಲ್ಲ.

ಬಾಗಿಲು ತೆರೆಯುತ್ತದೆ. ಗಂಡಸರ ದೊಡ್ಡ ಸ್ಲಿಪ್ಪರ್ ಮೆಟ್ಟಿದ ಭೂಮಿಕಾ ಡಬ್ಬಿ ಎಳೆದು ತರುತ್ತಾಳೆ. ರಸ್ತೆಯಂಚಿಗೆ ಇಡುತ್ತಾಳೆ. ಮೇಲಿನ ಕಿಟಕಿ ನೋಡುತ್ತಾಳೆ. ಬಸಕ್ಕ ವ್ಯಾನಿನ ಬಾಗಿಲು ಸರಿಸುತ್ತಾರೆ, ಆದರೆ ಕರೆಯುವುದಿಲ್ಲ. ಅದು ಅವರ ಕಟ್ಟುನಿಟ್ಟು. "ನಾವು ಕೈ ಹಿಡಿದು ಎಳದ್ರ ಅವ್ರಿಗೂ ನಮಗೂ ಏನು ಫರಕ?"

ಭೂಮಿಕಾ ಬರುತ್ತಾಳೆ, ಹತ್ತುವುದಿಲ್ಲ. "ಅವ್ರೂ ಹಿಂಗ ಛಲೋ ಮಾತಾಡೇ ಕರಕೊಂಡ ಬಂದ್ರು. ನಿಮ್ಮ ಮನ್ಯಾಗ ಏನು ಕೆಲಸಾ?"

"ಲಗೂ ಹತ್ತವಾ ತಂಗಿ!" ಎನ್ನುತ್ತಾರೆ ಹಮೀದ್.

"ನೀ ಸುಮ್ನಿರು," ಎಂದು ಗದರಿದ ಬಸಕ್ಕ ತಮ್ಮ ಫೋನನ್ನು ಆಕೆಯ ಕೈಗಿಡುತ್ತಾರೆ. "ಪೊಲೀಸ್ರ ನಂಬರ ಒತ್ತೇನಿ. ನಮ್ಮ ಮ್ಯಾಲೆ ಡೌಟ್ ಬಂತಂದ್ರ ಈ ಹಸರ ಬಟನ್ ಒತ್ತು. ಇಲ್ಲೇ ಒತ್ತತೀನಿ ಅಂದ್ರ ಒತ್ತು, ಅವ್ರು ಬರೂತನಾ ನಿಂದರ್ತೀನಿ."

ಭೂಮಿಕಾ ಹತ್ತುತ್ತಾಳೆ. ಹೈಲ್‌ಬ್ರಾನ್ ಬರುವವರೆಗೂ ಆಕೆಯ ಹೆಬ್ಬೆರಳು ಆ ಹಸಿರು ಬಟನ್ನಿನ ಮೇಲಿಂದ ಕದಲುವುದಿಲ್ಲ. ರೊಟ್ಟಿ ಕೊಟ್ಟರೂ ಮುಟ್ಟುವುದಿಲ್ಲ.

ಸಲಹಾ ಕೇಂದ್ರದ ಬಾಗಿಲಲ್ಲಿ ಹಿನಾ ನಿಂತಿದ್ದಾರೆ. ಭೂಮಿಕಾ ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಮರುಕ್ಷಣವೇ ಆಕೆ ಒಳಗಿನಿಂದ ಹಿಡಿಕೆ ತಿರುಗಿಸಿ, ಬಾಗಿಲು ತೆರೆದು, ಹೊರಗೆ ಬಂದು ನಿಲ್ಲುತ್ತಾಳೆ. ಯಾರೂ ತಡೆಯುವುದಿಲ್ಲ. ಆಗ ಫೋನನ್ನು ಬಸಕ್ಕನಿಗೆ ಮರಳಿಸಿ, ತಾನಾಗಿಯೇ ಮತ್ತೆ ಒಳನಡೆಯುತ್ತಾಳೆ.

"ಥ್ಯಾಂಕ್ಸ್ ಸುದ್ದಾ ಅನ್ಲಿಲ್ಲಲ್ಲಕ್ಕಾ," ಎಂದು ಗೊಣಗುತ್ತಾರೆ ಹಮೀದ್.

"ಬಾಗಲಾ ತಗದು ನೋಡಿದ್ಲಲ್ಲೋ," ಎನ್ನುತ್ತಾರೆ ಬಸಕ್ಕ. "ಇನ್ನ ಅಕೀದು ಅಕಿ ನೋಡ್ಕೋತಾಳ. ನಡಿ, ರೊಟ್ಟಿ ಆರಾಕತ್ಯಾವು."