ಹೊಡೆತಕ್ಕೆ ಪರ್ಯಾಯ ಪದ

2022ರಲ್ಲಿ ನಾನು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕಿ. ವರದಿಗಾರರ ಸುದ್ದಿಯನ್ನು ತಿದ್ದಿ ಪುಟಕ್ಕೆ ಕಳಿಸುವ ವಿಭಾಗವನ್ನು ನಾವು ಡೆಸ್ಕ್ ಎನ್ನುತ್ತೇವೆ. ನಮ್ಮ ಡೆಸ್ಕಿನಲ್ಲಿ ಒಂದು ಪದ್ಧತಿಯಿತ್ತು: ಒಂದೇ ಸುದ್ದಿಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರಬಾರದು. ಅದಕ್ಕೆಂದೇ ಎಲ್ಲರ ಮೇಜಿನ ಮೇಲೂ ಸಮಾನಾರ್ಥಕ ಪದಕೋಶ, ಅಂದರೆ ಥೆಸಾರಸ್, ಇರುತ್ತಿತ್ತು.

ಬೋಗಾದಿಯ ಮಹದೇವಮ್ಮ ಯಾದವಗಿರಿಯ ಎರಡು ಮನೆಗಳಲ್ಲಿ ಕೆಲಸಕ್ಕಿದ್ದರು. ರಜೆ ಕೇಳಿದರೆಂದು ಒಂದು ಮನೆಯ ಯಜಮಾನ ಅವರಿಗೆ ಹೊಡೆದ. ಅವರು ಠಾಣೆಗೆ ದೂರು ಕೊಟ್ಟರು. ನಮ್ಮ ವರದಿಗಾರ ಇದ್ದದ್ದನ್ನು ಇದ್ದಂತೆ ಬರೆದು ತಂದಿದ್ದ. 'ಹೊಡೆದರು' ಎಂಬ ಪದ ನಾಲ್ಕು ಕಡೆ ಇತ್ತು. ನಾನು ಆ ದಿನ ಬೇರೆ ಪುಟ ನೋಡುತ್ತಿದ್ದೆ. ಡೆಸ್ಕಿನ ಮುಖ್ಯಸ್ಥರು ಪದಕೋಶ ತಿರುವಿ ಒಂದನ್ನು ಉಳಿಸಿ, ಮಿಕ್ಕವನ್ನು 'ದಂಡಿಸಿದರು', 'ಶಿಕ್ಷಿಸಿದರು', 'ಬುದ್ಧಿ ಕಲಿಸಿದರು' ಎಂದು ಬದಲಿಸಿದರು.

ಸುದ್ದಿ ಬಂದ ಮರುದಿನ ಮಹದೇವಮ್ಮ ಪತ್ರಿಕೆ ಹಿಡಿದು ಕಚೇರಿಗೇ ಬಂದರು.

"ಇನ್ನೊಂದ್ ಮನೆಯೋರೂ ಬರಬ್ಯಾಡ ಅಂದ್ಬುಟ್ರು ಕಣಮ್ಮ. ಸುಮ್‌ಸುಮ್ನೆ ಯಾರಾದ್ರೂ ಶಿಕ್ಷೆ ಕೊಡ್ತಾರಾ, ನೀನೂ ಏನೋ ಮಾಡಿರ್ಬೇಕು ಅಂತಾರೆ. ನಾನೇನ್ ಮಾಡಿದ್ದೆ ಹೇಳಿ."

ಪತ್ರಿಕೆಯನ್ನು ಮುಖ್ಯಸ್ಥರ ಮುಂದಿಟ್ಟೆ. ಅವರು ತಣ್ಣಗೆ, "ಎಲ್ಲದರ ಅರ್ಥ ಒಂದೇ ಅಲ್ವೇನ್ರೀ? ಓದೋಕೆ ಚೆನ್ನಾಗಿರ್ಲಿ ಅಂತ ಮಾಡಿದ್ದು" ಎಂದರು.

"ಏಟು ತಿಂದಿದ್ದು ಚೆನ್ನಾಗಿ ಯಾಕಿರ್ಬೇಕು, ಸರ್? ಶಿಕ್ಷೆ ತಪ್ಪು ಮಾಡಿದೋರಿಗೆ. ಈಕೆ ಕೇಳಿದ್ದು ರಜೆ."

ಜಗಳವಾಡಿ ಒಂದು ತಿದ್ದುಪಡಿ ಹಾಕಿಸಿದೆ. ಮಹದೇವಮ್ಮನ ಮಾನ ಕಳೆದದ್ದು ಎರಡನೇ ಪುಟದಲ್ಲಿ ದಪ್ಪಕ್ಷರದ ತಲೆಬರಹದೊಡನೆ. ತಿದ್ದುಪಡಿ ಬಂದದ್ದು ಒಳಪುಟದ ಮೂಲೆಯಲ್ಲಿ, ಎರಡು ಸಾಲು. ಅದನ್ನೇ ಕತ್ತರಿಸಿಕೊಂಡು ಅವರು ಆ ಇನ್ನೊಂದು ಮನೆಗೆ ಹೋದರು. ಅಷ್ಟರಲ್ಲಿ ಅಲ್ಲಿ ಬೇರೆಯವರು ಕೆಲಸಕ್ಕೆ ಸೇರಿಯಾಗಿತ್ತು.

ಪದಕೋಶದ ಮೇಲೆ ನನಗೆ ಕೋಪವಿಲ್ಲ. ಬೇಕಾದ ಪದ ಹೊಳೆಯದೆ ಒದ್ದಾಡುವಾಗ ಈಗಲೂ ಅದನ್ನೇ ತೆರೆಯುತ್ತೇನೆ. ಸರಿಯಾದ ಪದ ಕಣ್ಣೆದುರೇ ಇರುವಾಗ ಅದನ್ನು ತೆರೆಯುವವರ ಮೇಲೆ ನನ್ನ ಸಿಟ್ಟು, ನಿವೃತ್ತಳಾದ ಮೇಲೂ ಇಳಿದಿಲ್ಲ. ಉದ್ಯೋಗ ನನಗೆ ಕಲಿಸಿದ್ದು ಇಷ್ಟೆ: ನಾಲ್ಕು ಸಲ ಹೊಡೆದಿದ್ದರೆ ನಾಲ್ಕು ಸಲವೂ ಹೊಡೆದರು ಎಂದೇ ಬರೆಯಬೇಕು. ಓದುವವರಿಗೆ ಬೇಸರವಾದರೆ ಆಗಲಿ.