ವರ್ಕ್‌ಶಾಪಿಗೆ ಹೋಗದ ಚಕ್ರಗಳು

ಬ್ರೇಕಿನ ಪೆಡಲು ತಮ್ಮನ ಕಾಲಡಿಯಲ್ಲಿ ನೆಲಕ್ಕೆ ಹೋದದ್ದು ಬೆಳಿಗ್ಗೆ ಒಂಬತ್ತು ಗಂಟೆ ಏಳು ನಿಮಿಷಕ್ಕೆ. ವಿದ್ಯಾನಗರದ ಕಚೇರಿಯಲ್ಲಿ ಹತ್ತೂಕಾಲರೊಳಗೆ ನನ್ನ ಹಾಜರಿಯ ಪಂಚಿಂಗ್ ಆಗಬೇಕಿತ್ತು. ಆಗಷ್ಟೇ ಮೊಬೈಲಿನಲ್ಲಿ ಸಮಯ ನೋಡಿ ತಲೆ ಎತ್ತಿದ್ದೆ. ನೆಕ್ರಾಜೆಯ ಮನೆಯಿಂದ ಹೊರಟು ಇಳಿಜಾರಿನ ಅರ್ಧಕ್ಕೆ ಬಂದಿದ್ದೆವು. ಇಳಿಜಾರು ಮುಗಿಯುವಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಬಸ್ಸಿಗೆ ಕಾಯುವವರು ಕುಳಿತುಕೊಳ್ಳಲು ಕೆಂಪುಕಲ್ಲಿನ ಒಂದು ಕಟ್ಟೆ ಇದೆ.

“ಅಕ್ಕಾ, ಬ್ರೇಕ್ ಹಿಡೀತಿಲ್ಲ,” ಎಂದ ತಮ್ಮ. ಕರೆಂಟು ಹೋಯಿತು ಎನ್ನುವಂಥ ಸ್ವರ. ಇನ್ನೊಮ್ಮೆ ತುಳಿದ, ಸ್ವಲ್ಪ ಹಿಡಿದಂತಾಗಿ ಬಿಟ್ಟಿತು. ಗೇರು ಇಳಿಸಿದ, ಹ್ಯಾಂಡ್‌ಬ್ರೇಕ್ ಎಳೆದ. ಕಾರಿನ ಹಿಂಭಾಗ ಅಡ್ಡಕ್ಕೆ ಜಾರಿ ಕಟ್ಟೆಯ ಮೂಲೆಗೆ ಬಡಿಯಿತು. ಅಲ್ಲಿ ನಮ್ಮ ನೆರೆಮನೆಯ ದೊಡ್ಡಮ್ಮ ನಿಂತಿದ್ದರು. ರಕ್ತಸಂಬಂಧವೇನೂ ಇಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ಅಭ್ಯಾಸ. ಸುತ್ತಿದ ಬೀಡಿಯ ಕಟ್ಟುಗಳನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಲು ಹೊರಟಿದ್ದವರು. ಅವರು ನಿಂತದ್ದು ಟಾರಿನಿಂದ ಎರಡು ಹೆಜ್ಜೆ ಒಳಗೆ, ಮಣ್ಣಿನ ಮೇಲೆ. ಅದನ್ನು ನಾನು ನೋಡಿದ್ದೇನೆ. ಬೇರೆ ಯಾರೂ ನೋಡಿಲ್ಲ.

ಕಾರು ಬಡಿದು ಅವರ ಬಲ ಮೊಣಕಾಲು ಮೂರು ಕಡೆ ಒಡೆದಿತ್ತು.

ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಕೇಳಿದಾಗ ಅವರೇ ಉತ್ತರ ಕೊಟ್ಟರು. ಬಸ್ಸು ಬಂತೋ ಎಂದು ನೋಡಲು ತಾನು ಟಾರಿಗೆ ಕಾಲಿಟ್ಟೆ, ಪಾಪ ಆ ಹುಡುಗ ಎಂತ ಮಾಡಿಯಾನು ಎಂದರು. ಸುಳ್ಳು ಹೇಳಿ ನಮ್ಮನ್ನು ಉಳಿಸುತ್ತಿದ್ದಾರೆ ಎಂದು ಮೊದಲು ಭಾವಿಸಿದೆ. ಆಮೇಲೆ ತಿಳಿಯಿತು, ಅವರು ಅದನ್ನು ನಂಬಿದ್ದರು. ಬಿದ್ದ ಕ್ಷಣ ಅವರಿಗೆ ನೆನಪಿರಲಿಲ್ಲ. ನೆನಪಿಲ್ಲದ ಜಾಗದಲ್ಲಿ ತನ್ನ ತಪ್ಪನ್ನೇ ತುಂಬಿಕೊಂಡಿದ್ದರು. ತಮ್ಮ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆ ಕಾರಿನ ಚಕ್ರಗಳ ವಿಷಯ ಹೇಳಬೇಕು. ಹತ್ತಿರದ ಅನಂತಪುರದ ಕಡೆ ಕೆಲಸಕ್ಕೆ ಹೋಗುವ ತಮ್ಮ, ಗೆಳೆಯನೊಬ್ಬ ಕಾರು ಮಾರುವಾಗ ತೆಗೆದಿಟ್ಟಿದ್ದ ಅಲಾಯ್ ಚಕ್ರಗಳನ್ನು ಟಯರು ಸಮೇತ ತಂದಿದ್ದ. ನಮ್ಮ ಹಳೆಯ ಕಾರಿನ ಚಕ್ರಕ್ಕಿಂತ ಎರಡು ಇಂಚು ದೊಡ್ಡವು, ಅಗಲವೂ ಹೆಚ್ಚು. ಹಾಕಿದ ದಿನ ಅಂಗಳದಲ್ಲಿ ಕಾರಿಗೆ ನಾಲ್ಕು ಸುತ್ತು ಬಂದು, “ಈಗ ಒಂದು ಗಾಂಭೀರ್ಯ ಉಂಟಲ್ವ?” ಎಂದು ಕೇಳಿದ್ದ. ಗಾಂಭೀರ್ಯ ಉಂಟು, ಮಾವನ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಎಂದಿದ್ದೆ. ಇಬ್ಬರೂ ನಕ್ಕಿದ್ದೆವು.

ಗೇಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕರಕರ ಸದ್ದು ಬರುತ್ತಿತ್ತು. ಹೊಸತಲ್ವ, ಸರಿಯಾಗ್ತದೆ ಎಂದ. ಕೆಲವು ದಿನಗಳಲ್ಲಿ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಒಂದು ಮಾರು ಮುಂದೆ ಹೋಗಿ ನಿಲ್ಲತೊಡಗಿತು. ಚಕ್ರದ ಭಾರಕ್ಕೆ ಹಾಗೆ, ಮೊದಲೇ ತುಳಿದರೆ ಆಯಿತು ಎಂದ. ಆಮೇಲೆ ಪೆಡಲು ಮೆತ್ತಗಾಯಿತು. ಆಗ ಅವನಿಗೂ ಹೆದರಿಕೆಯಾಯಿತು. ವರ್ಕ್‌ಶಾಪಿಗೆ ತೋರಿಸೋಣ ಎಂದ.

ವರ್ಕ್‌ಶಾಪು ಇರುವುದು ಪೇಟೆಯಲ್ಲಿ. ಪೇಟೆಯ ದಾರಿಯಲ್ಲಿ ವಾಹನ ಇಲಾಖೆಯವರು ಯಾವಾಗ ಎಲ್ಲಿ ನಿಂತಿರುತ್ತಾರೆಂದು ಹೇಳಲಾಗದು. ಕಂಪೆನಿ ಕೊಟ್ಟದ್ದಲ್ಲದ ಚಕ್ರ ಕಂಡರೆ ದಂಡ ಹಾಕದೆ ಬಿಡುವುದಿಲ್ಲ. ಕಚೇರಿಗೆ ಬಿಡುವಾಗಲೂ ತಮ್ಮ ನನ್ನನ್ನು ಹೆದ್ದಾರಿಗೆ ಮೊದಲೇ ಇಳಿಸುತ್ತಿದ್ದ, ಅಲ್ಲಿಂದ ನಾನು ಬಸ್ಸು ಹತ್ತುತ್ತಿದ್ದೆ. ಹಾಗಾಗಿ ಕಾರನ್ನು ಪೇಟೆಗೆ ಒಯ್ಯುವ ದಿನ ಅಂಗಳದಲ್ಲಿ ಜಾಕಿ ಕೊಟ್ಟು ಹಳೆಯ ಚಕ್ರ ಹಾಕುವುದು, ವಾಪಸು ಬಂದ ಮೇಲೆ ಮತ್ತೆ ದೊಡ್ಡದು. ನಮ್ಮ ಕಡೆ ಚಕ್ರ ಬದಲಿಸಿದವರೆಲ್ಲ ಹೀಗೇ ಮಾಡುವುದು. ನಾನು ನಟ್ಟುಗಳನ್ನು ಸ್ಟೀಲಿನ ತಟ್ಟೆಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದೆ. ಕಾರಿನ ಕಾಯಿಲೆಯನ್ನು ಮನೆಯಲ್ಲಿ ಬಿಟ್ಟು ಕಾರನ್ನು ಮಾತ್ರ ವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದೇವೆ ಎಂದು ಕಾಲೇಜು ಓದಿದ ನನಗಾದರೂ ಹೊಳೆಯಬೇಕಿತ್ತು.

ಎರಡು ಸಲ ತೋರಿಸಿದೆವು. ಮೆಕ್ಯಾನಿಕ್ ನಿಧಾನದ ಮನುಷ್ಯ. ಮೊದಲ ಸಲ ಬ್ರೇಕಿನ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು ಕಳಿಸಿದ. ಎರಡನೆಯ ಸಲ ಮುಂದಿನ ಚಕ್ರದ ಒಳಗಿರುವ ಬ್ರೇಕ್ ಎಣ್ಣೆಯ ರಬ್ಬರ್ ಪೈಪನ್ನು ಒರೆಸಿ, ಒಂದು ಕಡೆ ಉಜ್ಜಿದ ಹಾಗೆ ಕಾಣುತ್ತದೆ ಎಂದ. ಪೈಪಿಗೂ ಟಯರಿಗೂ ಮಧ್ಯೆ ಎರಡು ಬೆರಳು ಇಟ್ಟು ನೋಡಿದ. ಬೆರಳು ಸಲೀಸಾಗಿ ಹೋಯಿತು.

“ಓಡಿಸುವುದು ಯಾವಾಗ್ಲೂ ಈ ಕಂಪೆನಿ ಚಕ್ರದಲ್ಲೇ ಅಲ್ವ?” ಎಂದು ಕೇಳಿದ.

“ಹೌದು,” ಎಂದ ತಮ್ಮ.

ಮೆಕ್ಯಾನಿಕ್ ನನ್ನ ಕಡೆಗೂ ನೋಡಿದ. ನಾನು ಏನೂ ಹೇಳಲಿಲ್ಲ. ಹಾಗಾದರೆ ಕಲ್ಲು ತಾಗಿರಬೇಕು, ಮುಂದಿನ ಸಲ ಬಂದಾಗ ಪೈಪು ಬದಲಿಸುವ ಎಂದು ಕಳಿಸಿಕೊಟ್ಟ. ಅದಾಗಿ ಒಂಬತ್ತನೆಯ ದಿನ ಪೈಪು ಒಡೆಯಿತು.

ಅಪಘಾತವಾದ ಮೇಲೆ ಕಾರನ್ನು ದೊಡ್ಡ ಚಕ್ರಗಳಲ್ಲೇ ಎಳೆದು ಅದೇ ವರ್ಕ್‌ಶಾಪಿಗೆ ತಂದರು. ಮೆಕ್ಯಾನಿಕ್ ಅದನ್ನು ಮೇಲಕ್ಕೆ ಎತ್ತಲಿಲ್ಲ. ನೆಲದ ಮೇಲೇ ಸ್ಟೇರಿಂಗ್ ಪೂರ್ತಿ ತಿರುಗಿಸಿ ಬಗ್ಗಿದ. ಟಯರು ಪೈಪಿಗೆ ಒತ್ತಿಕೊಂಡಿತ್ತು. ಬೆರಳಲ್ಲ, ಕಾಗದವೂ ಹೋಗುತ್ತಿರಲಿಲ್ಲ. ತಮ್ಮನಿಗೆ ಬೈಯುತ್ತಾನೆಂದುಕೊಂಡೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ನನಗೆ ಹೇಳಿದ: “ಅವತ್ತು ಈ ಚಕ್ರದಲ್ಲೇ ತಂದಿದ್ರೆ ಐದು ನಿಮಿಷದ ಕೆಲಸ, ಅಕ್ಕ.”

ಅಂದಿನಿಂದ ನಿದ್ದೆ ಬಿಟ್ಟುಹೋಯಿತು. ಕಣ್ಣು ಮುಚ್ಚಿದರೆ ಇಳಿಜಾರು. ಹಾಸಿಗೆಯಲ್ಲಿ ನನ್ನ ಬಲಗಾಲು ತಾನಾಗಿ ಒತ್ತುತ್ತಿತ್ತು, ಇಲ್ಲದ ಪೆಡಲನ್ನು ಹುಡುಕುವ ಹಾಗೆ. ಬೆಳಗಿನ ಹೊತ್ತಿಗೆ ಮೀನಖಂಡ ಗಂಟುಕಟ್ಟಿರುತ್ತಿತ್ತು.

ದೊಡ್ಡಮ್ಮ ಆಸ್ಪತ್ರೆಯಿಂದ ಬಂದ ಮೇಲೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಮೀನು ತಂದ ದಿನ ಅಮ್ಮ ಸಾರು ಕೊಟ್ಟು ಕಳಿಸುತ್ತಿದ್ದಳು. ಮೊಣಕಾಲು ಮಡಚಲಾಗದೆ ಅವರು ಕುರ್ಚಿಯಲ್ಲಿ ಕುಳಿತು ಕಾಲನ್ನು ಸ್ಟೂಲಿನ ಮೇಲೆ ಚಾಚಿರುತ್ತಿದ್ದರು. ಬೀಡಿ ಎಲೆ, ತಂಬಾಕು ಹರಡಿಕೊಳ್ಳುವ ಮೊರದಂಥ ತಡ್ಪೆ ತೊಡೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ನಲವತ್ತು ವರ್ಷ ಚಕ್ಕಳಮಕ್ಕಳ ಕೂತು ಸುತ್ತಿದ ಕೈ. ಜಾರಿ ಚೆಲ್ಲಿದ್ದನ್ನು ಹೆಕ್ಕುತ್ತಾ ಅವರ ಮಗಳು ಹೇಳುವಳು: “ಎಷ್ಟು ಸಲ ಹೇಳಿದ್ದೆ, ರಸ್ತೆಗೆ ಇಳಿದು ಇಣುಕಬೇಡ ಅಂತ. ಈಗ ನಿನ್ನ ಕಾಲೂ ಹೋಯ್ತು, ಅವರ ಕಾರೂ ಹೋಯ್ತು.” ದೊಡ್ಡಮ್ಮ ತಲೆ ತಗ್ಗಿಸಿ ಹೌದು ಹೌದು ಎನ್ನುವರು. ಬಸ್‌ಕಟ್ಟೆಯ ತನಕವೂ ಅವರನ್ನು ಒಬ್ಬರೇ ಕಳಿಸುವುದಿಲ್ಲವೆಂದು ಮಗಳು ನಿಶ್ಚಯಿಸಿದ್ದಳು. ಒಮ್ಮೆ ನನ್ನ ಕೈ ಹಿಡಿದು, ನಿಮಗೆ ತುಂಬ ತೊಂದರೆಯಾಯಿತು, ಅಮ್ಮನ ಪರವಾಗಿ ಕ್ಷಮಿಸಿ ಎಂದಳು.

ಮನೆಗೆ ಬಂದು, ಹೇಳಿಬಿಡುತ್ತೇನೆ ಎಂದೆ.

“ಹೇಳಿ ಎಂತ ಆಗ್ಲಿಕ್ಕುಂಟು?” ಎಂದ ತಮ್ಮ. “ಅವರ ಕಾಲು ಸರಿಯಾಗ್ತದಾ?”

“ಕಾಲಿಗಲ್ಲ. ತಪ್ಪು ತನ್ನದು ಅಂತ ಕೂತಿದ್ದಾರಲ್ಲ, ಅದಕ್ಕೆ.”

ಅವನು ಅತ್ತ. ನನಗಿಂತ ಆರು ವರ್ಷ ಚಿಕ್ಕವನು. ದೊಡ್ಡವನಾದ ಮೇಲೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಊರಲ್ಲಿ ತಲೆ ಎತ್ತುವ ಹಾಗಿಲ್ಲ ಎಂದ. ಜೊತೆಗೆ ಬಾ ಎಂದು ಕರೆದೆ. ಬರಲಿಲ್ಲ.

ಭಾನುವಾರ ಬೆಳಿಗ್ಗೆ ಒಬ್ಬಳೇ ಹೋದೆ. ಚಕ್ರ ಹಾಕಿದ್ದು, ಸದ್ದು ಬಂದದ್ದು, ತೋರಿಸಲು ಹೋಗುವಾಗ ಬಿಚ್ಚಿಟ್ಟದ್ದು, ಕೇಳಿದಾಗ ನಾನು ಬಾಯಿ ತೆರೆಯದೆ ಇದ್ದದ್ದು, ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಚಕ್ರದ ಬಗ್ಗೆ ಏನನ್ನೂ ಕೇಳಲಿಲ್ಲ.

“ನಾನು ನಿಂತದ್ದು ಎಲ್ಲಿ?”

“ಒಳಗೆ. ಮಣ್ಣಿನ ಮೇಲೆ. ನೀವು ಟಾರಿಗೆ ಕಾಲೇ ಇಟ್ಟಿರಲಿಲ್ಲ ದೊಡ್ಡಮ್ಮ.”

ಅವರು ಸ್ಟೂಲಿನ ಮೇಲಿನ ತನ್ನ ಕಾಲನ್ನು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಮಗಳಿಗೆ ಕೇಳಿಸುವ ಹಾಗೆ ಹೇಳಿದರು: “ಕೇಳಿದೆಯಾ? ನಾನು ಒಳಗೇ ನಿಂತಿದ್ದೆನಂತೆ.” ನನಗೆ ಹೇಳಿದ್ದು ಇಷ್ಟೇ: “ಇನ್ನು ನೀನು ಮನೆಗೆ ಹೋಗು, ಮಗಾ.”

ಅದರಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಮತ್ತೆ ಅಮ್ಮ ಕಳಿಸಿದ ಸಾರನ್ನು ಅವರ ಮಗಳು ಬಾಗಿಲಲ್ಲೇ ಬೇಡ ಎಂದಳು. ತಮ್ಮ ನನ್ನೊಡನೆ ಈಗಲೂ ಬೇಕಾದಷ್ಟೇ ಮಾತಾಡುತ್ತಾನೆ. ದೊಡ್ಡಮ್ಮ ಕೋಲು ಹಿಡಿದು ಕಟ್ಟೆಯ ತನಕ ಒಬ್ಬರೇ ಬರುತ್ತಾರೆ, ನಿಧಾನವಾಗಿ. ನಾನಿದ್ದರೆ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸುತ್ತಾರೆ.

ಹೇಳಿ ಬಂದ ಆ ಭಾನುವಾರ ಊಟ ಸೇರಲಿಲ್ಲ, ಬೇಗ ಮಲಗಿದೆ. ಎಚ್ಚರಾದಾಗ ಸೋಮವಾರದ ಬಿಸಿಲು ಕಿಟಕಿ ದಾಟಿತ್ತು. ನಡುವೆ ಒಮ್ಮೆಯೂ ಎದ್ದಿರಲಿಲ್ಲ. ನಿದ್ದೆ ಬಂದುಬಿಟ್ಟಿತಲ್ಲ ಎಂದು ನಾಚಿಕೆಯಾಗಿ, ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದೆ.